ಕೋರ್ಟಿನ ಕಾಗದ ಬಂದರೆ ಹೆದರಬೇಡಿ: ಸಣ್ಣ ತಕರಾರು ಎಲ್ಲಿ, ಹೇಗೆ ಬಗೆಹರಿಯುತ್ತದೆ

ಸೇಡಂ ಹತ್ತಿರದ ಹಳ್ಳಿಯಿಂದ ನಮ್ಮ ಕಾಕಾ ಒಂದು ದಿನ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದರು. ದನಿ ನಡುಗುತ್ತಿತ್ತು. "ಕೋರ್ಟಿನಿಂದ ಕಾಗದ ಬಂದದ ತಮ್ಮಾ. ಪೊಲೀಸರು ಮನಿಗಿ ಬರ್ತಾರೇನು?"

ಫೋಟೊ ತರಿಸಿಕೊಂಡು ನೋಡಿದೆ. ಬ್ಯಾಂಕಿನ ಹಳೆಯ ಸಾಲ, ಬಾಕಿ 38,000 ರೂಪಾಯಿ. ಮೇಲೆ ರಾಷ್ಟ್ರೀಯ ಲೋಕ ಅದಾಲತ್ ಎಂದು ಅಚ್ಚಾಗಿತ್ತು. ಕೆಳಗೆ 'ವ್ಯಾಜ್ಯಪೂರ್ವ ಪ್ರಕರಣ' ಎಂದಿತ್ತು. ಆ ಒಂದು ಪದದ ಅರ್ಥ ಗೊತ್ತಿದ್ದಿದ್ದರೆ ಕಾಕಾ ರಾತ್ರಿಯೆಲ್ಲ ನಿದ್ದೆಗೆಡುತ್ತಿರಲಿಲ್ಲ.

ಲೋಕ ಅದಾಲತ್ ಹತ್ತಿರ ಬಂದಾಗಲೆಲ್ಲ ಕಲಬುರಗಿ, ಬೀದರ್, ಯಾದಗಿರಿಯ ಎಷ್ಟೋ ಮನೆಗಳಿಗೆ ಇಂಥ ಕಾಗದ ಬರುತ್ತದೆ. ಕಾಗದ ಬಂದವರು ಹೆದರುತ್ತಾರೆ. ಇನ್ನೊಂದು ಕಡೆ, ತಮಗೆ ಬರಬೇಕಾದ ರೊಕ್ಕ ಬರದೇ ಇರುವವರು "ಹೋಗ್ಲಿ ಬಿಡ್ರಿ, ಕೋರ್ಟು ಕಚೇರಿ ಯಾರು ಅಲೀತಾರ" ಎಂದು ಕೈಬಿಡುತ್ತಾರೆ. ಗೆದ್ದವ ಸೋತ, ಸೋತವ ಸತ್ತ ಎಂಬ ಮಾತು ನಮ್ಮಲ್ಲಿ ಅಷ್ಟು ಆಳವಾಗಿ ಕೂತಿದೆ. ಐದು, ಹತ್ತು, ಐವತ್ತು ಸಾವಿರದ ತಕರಾರಿಗೆ ಆ ಮಾತು ಎಲ್ಲ ಸಲವೂ ನಿಜವಲ್ಲ. ಯಾವ ಬಾಗಿಲು ತಟ್ಟಬೇಕು, ಎಷ್ಟು ದಿನದೊಳಗೆ ತಟ್ಟಬೇಕು ಎನ್ನುವುದು ಗೊತ್ತಿರಬೇಕು, ಅಷ್ಟೆ.

ಸಣ್ಣ ತಕರಾರಿಗೆ ಬೇರೆ ಕೋರ್ಟು ಇದೆಯೇ?

ಕೆಲವು ದೇಶಗಳಲ್ಲಿ ಇದೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 10,000 ಪೌಂಡ್‌ವರೆಗಿನ ಹಣದ ದಾವೆಗೆ ಸರಳವಾದ ಬೇರೆ ದಾರಿ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ಕೋರ್ಟಿಗೆ ನಿಮ್ಮ ಪರವಾಗಿ ವಕೀಲರು ಬರುವಂತೆಯೇ ಇಲ್ಲ. ನಿಮ್ಮ ಮಾತನ್ನು ನೀವೇ ಹೇಳಬೇಕು.

ನಮ್ಮ ರಾಜ್ಯದಲ್ಲೂ 1964ರ ಲಘು ವ್ಯವಹಾರಗಳ ನ್ಯಾಯಾಲಯಗಳ ಕಾಯ್ದೆ ಇದೆ. ಆ ಹೆಸರಿನ ದೊಡ್ಡ ನ್ಯಾಯಾಲಯ ಬೆಂಗಳೂರಿನಲ್ಲಿದೆ. ನಮ್ಮ ಕಡೆ ಆ ಬೋರ್ಡು ಹುಡುಕಿಕೊಂಡು ಅಲೆಯಬೇಕಿಲ್ಲ. ಸಣ್ಣ ದಾವೆಗಳನ್ನು ಇಲ್ಲಿ ಸಿವಿಲ್ ನ್ಯಾಯಾಧೀಶರೇ ನೋಡುತ್ತಾರೆ. ಅದಕ್ಕಿಂತ ಹಗುರವಾದ ಬಾಗಿಲುಗಳೂ ಇವೆ.

ಕಲಬುರಗಿಯ ಬಸ್ ನಿಲ್ದಾಣವನ್ನು ನೆನಪು ಮಾಡಿಕೊಳ್ಳಿ. ಬೀದರ್ ಬಸ್ಸು ಒಂದು ಕಡೆ ನಿಲ್ಲುತ್ತದೆ, ಯಾದಗಿರಿ ಬಸ್ಸು ಇನ್ನೊಂದು ಕಡೆ. ಕೈಯಲ್ಲಿ ರೊಕ್ಕ ಇದ್ದರೂ ತಪ್ಪು ಬಸ್ಸು ಹತ್ತಿದರೆ ಊರು ಸೇರುವುದಿಲ್ಲ. ಇಲ್ಲೂ ಹಾಗೆಯೇ. ಮೊದಲು ಕೇಳಿಕೊಳ್ಳಬೇಕಾದ್ದು 'ಎಷ್ಟು ರೊಕ್ಕ' ಅಂತಲ್ಲ. 'ಎದುರಿನವರಿಗೆ ನಾನು ಏನಾಗಬೇಕು' ಅಂತ. ವಸ್ತು ಕೊಂಡ ಗ್ರಾಹಕರೇ? ಕೈಗಡ ಕೊಟ್ಟವರೇ? ಚೆಕ್ ಇಟ್ಟುಕೊಂಡು ಕೂತವರೇ? ದುಡಿದ ಕೂಲಿ ಬರಬೇಕಿದೆಯೇ? ಕೂಲಿ ಬಾಕಿಯಾದರೆ ಮೊದಲು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬೇಕು. ಉಳಿದವನ್ನು ಒಂದೊಂದಾಗಿ ನೋಡೋಣ.

ಲೋಕ ಅದಾಲತ್: ಠಸ್ಸೆ ಇರುವ ಕಟ್ಟೆ ಪಂಚಾಯ್ತಿ

ಹಳ್ಳಿಯ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತು, ಎರಡೂ ಕಡೆಯವರನ್ನು ಕೂರಿಸಿ, "ನೀ ಸ್ವಲ್ಪ ಬಿಡು, ಅವ ಸ್ವಲ್ಪ ಕೊಡ್ತಾನ" ಎಂದು ರಾಜಿ ಮಾಡಿಸುವುದನ್ನು ನೋಡಿದ್ದೀರಲ್ಲ? ಲೋಕ ಅದಾಲತ್‌ನ ಮನಸ್ಸು ಅದೇ. ಆದರೆ ಕಟ್ಟೆಯ ಮೇಲಿನ ಮಾತು ಮರುದಿನ ಮರೆತುಹೋಗಬಹುದು. ಇಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ, ಅಂದರೆ ದಾವೆ ಮುಗಿದಾಗ ಕೋರ್ಟು ಕೊಡುವ ಆದೇಶದಷ್ಟೇ, ಬಲ ಇರುತ್ತದೆ. ಇದನ್ನು ನಡೆಸುವುದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ. ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಜಿಲ್ಲೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇವೆ. ಎರಡನ್ನೂ ಕೋರ್ಟಿನ ಆವರಣದಲ್ಲೇ ವಿಚಾರಿಸಬಹುದು.

ರಾಷ್ಟ್ರೀಯ ಲೋಕ ಅದಾಲತ್ ವರ್ಷಕ್ಕೆ ಸಾಮಾನ್ಯವಾಗಿ ನಾಲ್ಕು ಸಲ ನಡೆಯುತ್ತದೆ. ಪೀಠದಲ್ಲಿ ಹಾಲಿ ಅಥವಾ ನಿವೃತ್ತ ನ್ಯಾಯಾಧೀಶರ ಜೊತೆ ಸಂಧಾನಕಾರರು ಕೂರುತ್ತಾರೆ. ಅವರು ಯಾರದು ತಪ್ಪು ಎಂದು ತೀರ್ಪು ಕೊಡುವುದಿಲ್ಲ. ಇಬ್ಬರೂ ಒಪ್ಪಿದ್ದನ್ನು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಒಪ್ಪಿಗೆ ಆಗದಿದ್ದರೆ ಯಾರ ಹಕ್ಕೂ ಹೋಗುವುದಿಲ್ಲ. ಕೋರ್ಟಿನಲ್ಲಿದ್ದ ಕೇಸು ಕೋರ್ಟಿಗೆ ಮರಳುತ್ತದೆ.

ಇಲ್ಲಿಗೆ ಎರಡು ರೀತಿಯ ಪ್ರಕರಣ ಬರುತ್ತವೆ. ಒಂದು, ಕೋರ್ಟಿನಲ್ಲಿ ಆಗಲೇ ನಡೆಯುತ್ತಿರುವುದು. ಅದು ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಸಿಗುತ್ತದೆ. ಇನ್ನೊಂದು, ಇನ್ನೂ ಕೋರ್ಟಿನ ಮೆಟ್ಟಿಲನ್ನೇ ಹತ್ತದ ತಕರಾರು. ಅದೇ ವ್ಯಾಜ್ಯಪೂರ್ವ ಪ್ರಕರಣ. ಕಾಕಾಗೆ ಬಂದದ್ದು ಇದು. ಅಂದರೆ ಬ್ಯಾಂಕು ಇನ್ನೂ ಕೇಸು ಹಾಕಿಲ್ಲ, ಮಾತಿಗೆ ಕರೆಯುತ್ತಿದೆ. ಸುಮ್ನೆ ಸಾಲ ಬಾಕಿ ಇದೆ ಎಂಬ ಕಾರಣಕ್ಕೆ ಪೊಲೀಸರು ಮನೆಗೆ ಬರುವುದಿಲ್ಲ. ಹೋಗದಿದ್ದರೂ ಶಿಕ್ಷೆ ಇಲ್ಲ. ಬಡ್ಡಿ ಕಡಿಮೆ ಮಾಡಿಸಿಕೊಳ್ಳುವ, ಕಂತು ಕೇಳುವ ಒಳ್ಳೆಯ ಅವಕಾಶ ತಪ್ಪುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ಕಾಗದದ ಮೇಲೆ 'ಸಮನ್ಸ್' ಎಂದಿದ್ದು, ಓ.ಎಸ್. ಅಥವಾ ಸಿ.ಸಿ. ಎಂದು ಕೇಸಿನ ಸಂಖ್ಯೆ ಇದ್ದರೆ ಅದು ಬೇರೆ. ಅದು ಕೋರ್ಟಿನಲ್ಲಿ ನಡೆಯುತ್ತಿರುವ ಕೇಸು. ಓ.ಎಸ್. ಎಂದರೆ ಸಿವಿಲ್ ದಾವೆ. ನೀವು ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ಎದುರಿನವರ ಪರವಾಗಿ ತೀರ್ಪಾಗಬಹುದು. ಸಿ.ಸಿ. ಎಂದರೆ ಕ್ರಿಮಿನಲ್ ಕೇಸು. ಅದಕ್ಕೆ ಹೋಗದಿದ್ದರೆ ವಾರಂಟ್ ಬರಬಹುದು. ಇಂಥ ಕಾಗದವನ್ನು ಒಂದು ದಿನವೂ ಪೆಟ್ಟಿಗೆಯಲ್ಲಿ ಇಡಬೇಡಿ.

ವ್ಯಾಜ್ಯಪೂರ್ವ ಅರ್ಜಿಯನ್ನು ಬ್ಯಾಂಕಷ್ಟೇ ಅಲ್ಲ, ನೀವೂ ಕೊಡಬಹುದು. ಬಾಡಿಗೆ ಮನೆ ಬಿಟ್ಟು ಆರು ತಿಂಗಳಾದರೂ ಮಾಲೀಕರು ಅಡ್ವಾನ್ಸ್ ಮರಳಿಸಿಲ್ಲ ಎಂದುಕೊಳ್ಳಿ. ತಾಲ್ಲೂಕು ಸಮಿತಿಗೆ ಒಂದು ಅರ್ಜಿ ಬರೆದುಕೊಟ್ಟರೆ ಅವರು ಮಾಲೀಕರಿಗೆ ನೋಟಿಸ್ ಕಳಿಸುತ್ತಾರೆ. ಕೋರ್ಟ್ ಶುಲ್ಕ ಇಲ್ಲ. ಮಾಲೀಕರು ಬರಲೇಬೇಕೆಂಬ ಬಲವಂತವೂ ಇಲ್ಲ. ಆದರೆ ಕೋರ್ಟಿನ ಆವರಣದಿಂದ ಬಂದ ಕಾಗದ ಕೈಗೆ ಬಂದ ಮೇಲೆ, ಅಲ್ಲಿಯವರೆಗೆ ಫೋನ್ ಎತ್ತದವರೂ ಮಾತಿಗೆ ಬರುವುದುಂಟು.

ಸಹಿ ಹಾಕುವ ಮುಂಚೆ ಮಾತ್ರ ನಿಧಾನವಾಗಿ ಓದಿ. ಲೋಕ ಅದಾಲತ್‌ನ ಆದೇಶದ ಮೇಲೆ ಮೇಲ್ಮನವಿ ಇಲ್ಲ. ಒಟ್ಟು ಎಷ್ಟು, ಕಂತು ಯಾವ ತಾರೀಖಿಗೆ, ಒಂದು ಕಂತು ತಪ್ಪಿದರೆ ಏನು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ತೊಗರಿ ರಾಶಿ ಆಗುವುದು ಯಾವಾಗ, ಕೈಗೆ ರೊಕ್ಕ ಬರುವುದು ಯಾವಾಗ ಎಂದು ಲೆಕ್ಕ ಹಾಕಿಯೇ ಕಂತಿಗೆ ಒಪ್ಪಿ. ಆಗದ ಮಾತಿಗೆ ಮುಲಾಜಿಗೆ ಬಿದ್ದು ಹೂಂ ಅನ್ನಬೇಡಿ. ಒಪ್ಪದಿರುವ ಹಕ್ಕು ನಿಮಗೆ ಪೂರ್ತಿ ಇದೆ.

ಇದರ ತಮ್ಮನಂತೆ ಖಾಯಂ ಲೋಕ ಅದಾಲತ್ ಅಂತ ಇನ್ನೊಂದಿದೆ. ಕಲಬುರಗಿಯಲ್ಲೂ ಇದೆ. ಸಾರಿಗೆ, ಅಂಚೆ, ಫೋನ್, ವಿದ್ಯುತ್, ನೀರು, ಆಸ್ಪತ್ರೆ, ವಿಮೆಯಂಥ ಸೇವೆಗಳ ತಕರಾರಿಗೆ ಇದು. ಮಿತಿ 1 ಕೋಟಿ ರೂಪಾಯಿ. ಇಲ್ಲಿ ರಾಜಿ ಆಗದಿದ್ದರೆ ಪೀಠವೇ ತೀರ್ಮಾನ ಕೊಡಬಹುದು. ಆದರೆ ಬೇರೆ ಕೋರ್ಟಿಗೆ ಹೋಗುವ ಮುಂಚೆಯೇ ಇಲ್ಲಿಗೆ ಬಂದಿರಬೇಕು.

ಕೊಂಡ ವಸ್ತು ಕೆಟ್ಟರೆ: ಗ್ರಾಹಕರ ಆಯೋಗ

ಇದನ್ನು ಸ್ವಂತ ಅನುಭವದಿಂದ ಹೇಳುತ್ತೇನೆ. ನಮ್ಮ ಊರಿನ ಬಿಸಿಲು ನಿಮಗೆ ಗೊತ್ತೇ ಇದೆ. ಕೆಲವು ವರ್ಷಗಳ ಹಿಂದೆ ಏಪ್ರಿಲ್‌ನಲ್ಲಿ 11,500 ರೂಪಾಯಿ ಕೊಟ್ಟು ಒಂದು ಕೂಲರ್ ತಂದೆ. ಹದಿನೈದೇ ದಿನಕ್ಕೆ ಮೋಟಾರು ಸುಟ್ಟಿತು. ಅಂಗಡಿಯವರು ಕಂಪನಿಗೆ ಕೇಳಿ ಎಂದರು. ಕಂಪನಿಯವರು ಅಂಗಡಿಗೆ ಕೇಳಿ ಎಂದರು. ಮನೆಯಲ್ಲಿ ವಯಸ್ಸಾದ ಅವ್ವ ಸೆಖೆಗೆ ಒದ್ದಾಡುತ್ತಿದ್ದರು. ನಾನು ಇನ್ನೊಂದು ಕೂಲರ್ ತಂದು ಸುಮ್ಮನಾದೆ. ಆಮೇಲೆ ಯಾವಾಗಲೋ ಕಾನೂನು ಓದಿದಾಗ ತಿಳಿಯಿತು, ದೂರು ಕೊಡಲು ಎರಡು ವರ್ಷದ ಗಡುವು ಇತ್ತು, ಅದು ದಾಟಿಹೋಗಿತ್ತು. ಬಿಲ್ಲು ಇನ್ನೂ ನನ್ನ ಹತ್ತಿರ ಇದೆ. ಅದನ್ನು ನೋಡಿದಾಗಲೆಲ್ಲ ಬೇಸರವಾಗುತ್ತದೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ವಸ್ತುವಿಗೆ ಅಥವಾ ಸೇವೆಗೆ ನೀವು ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರು ಬೇಕೇ ಬೇಕು ಎಂದಿಲ್ಲ, ನೀವೇ ವಾದಿಸಬಹುದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ವಿಷಯ. ಈಗ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮುಂಬೈ ಕಂಪನಿಯ ಮೊಬೈಲನ್ನು ಹುಮನಾಬಾದಿನಲ್ಲಿ ಕೂತು ಆನ್‌ಲೈನಿನಲ್ಲಿ ತರಿಸಿಕೊಂಡವರು ಮುಂಬೈಗೆ ಹೋಗಬೇಕಿಲ್ಲ. ಬೀದರ್ ಜಿಲ್ಲೆಗೇ ಕಂಪನಿಯನ್ನು ಕರೆಸಬಹುದು.

ದೂರು ಎಂದರೆ ದೊಡ್ಡ ಗ್ರಂಥವಲ್ಲ. ಏನು ಕೊಂಡಿರಿ, ಯಾವಾಗ, ಎಷ್ಟು ಕೊಟ್ಟಿರಿ, ಏನು ಕೆಟ್ಟಿತು, ಯಾರಿಗೆ ಹೇಳಿದಿರಿ, ಈಗ ಏನು ಬೇಕು ಎಂದು ಬರೆದು ಬಿಲ್ಲು, ಗ್ಯಾರಂಟಿ ಕಾರ್ಡಿನ ನಕಲು ಮತ್ತು ಬರೆದದ್ದೆಲ್ಲ ನಿಜ ಎಂದು ಪ್ರಮಾಣ ಮಾಡಿದ ಅಫಿಡವಿಟ್ ಸೇರಿಸಬೇಕು. ಆನ್‌ಲೈನಿನಲ್ಲೂ ಕೊಡಬಹುದು. ಎದುರಿನವರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. ವಸ್ತುವನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕಿಲ್ಲದಿದ್ದರೆ ಮೂರು ತಿಂಗಳಲ್ಲಿ, ಮಾಡಿಸಬೇಕಿದ್ದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ನಿಜದಲ್ಲಿ ಹಲವು ಸಲ ಇದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅದನ್ನು ತಿಳಿದೇ ಹೋಗಿ. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಿ ನೋಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಕಂಪನಿಯ ಜೊತೆ ಮಾತಾಡಿಯೇ ಕೆಲವು ದೂರು ಮುಗಿದುಬಿಡುತ್ತವೆ.

ನಮ್ಮ ತೊಗರಿ ಬೆಳೆಗಾರರಿಗೆ ಒಂದು ಮಾತು. ಬಿತ್ತನೆ ಬೀಜ ಕೊಂಡ ರೈತರೂ ಗ್ರಾಹಕರೇ. ಬೀಜ ಕಂಪನಿಗಳು ಇದನ್ನು ಒಪ್ಪದೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದವು. 2012ರಲ್ಲಿ ಕೋರ್ಟು ರೈತರ ಪರವಾಗಿಯೇ ಹೇಳಿತು. ಪರೀಕ್ಷೆಗೆಂದು ರೈತ ಬೀಜ ಎತ್ತಿಟ್ಟುಕೊಂಡಿರಬೇಕು ಎಂದು ನಿರೀಕ್ಷಿಸುವುದೂ ಸರಿಯಲ್ಲ ಎಂದಿತು. ಹಾಗಿದ್ದರೂ ಬಿಲ್ಲು, ಬೀಜದ ಚೀಲ, ಅದರ ಮೇಲಿನ ಚೀಟಿ ಇವನ್ನು ಕಾಯಿ ಕಟ್ಟುವವರೆಗಾದರೂ ಜೋಪಾನ ಮಾಡಿ. ಮೊಳಕೆ ಬರದಿದ್ದರೆ, ಹೂ ಬಂದು ಕಾಯಿ ಕಟ್ಟದಿದ್ದರೆ, ಹೊಲ ಹರಗುವ ಮುಂಚೆಯೇ ರೈತ ಸಂಪರ್ಕ ಕೇಂದ್ರಕ್ಕೆ ಬರೆದುಕೊಟ್ಟು ಅಧಿಕಾರಿಗಳಿಗೆ ಹೊಲ ತೋರಿಸಿ. ಅವರ ವರದಿ ಮುಂದೆ ದೊಡ್ಡ ಸಾಕ್ಷಿಯಾಗುತ್ತದೆ.

ಚೆಕ್ ಬೌನ್ಸ್ ಆದರೆ ಗಡಿಯಾರ ನೋಡಿ

ಇಲ್ಲಿ ದಿನಗಳ ಲೆಕ್ಕವೇ ಎಲ್ಲ. ಚೆಕ್ಕನ್ನು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಖಾತೆಯಲ್ಲಿ ರೊಕ್ಕ ಇಲ್ಲ ಎಂದು ಬ್ಯಾಂಕು ಚೀಟಿ ಕೊಟ್ಟ ಮೇಲೆ 30 ದಿನದೊಳಗೆ ಬರಹದಲ್ಲಿ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ ಸಮಯ. ಆಗಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು ಕೊಡಬೇಕು. ನಿಮ್ಮ ಖಾತೆಗೆ ಚೆಕ್ ಹಾಕಿದ್ದರೆ, ನಿಮ್ಮ ಬ್ಯಾಂಕ್ ಶಾಖೆ ಇರುವ ಊರಿನ ಕೋರ್ಟಿನಲ್ಲೇ ಕೇಸು ನಡೆಯುತ್ತದೆ. ತಪ್ಪು ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ಇಂಥ ಕೇಸುಗಳೂ ಲೋಕ ಅದಾಲತ್‌ನಲ್ಲಿ ಬಹಳ ರಾಜಿಯಾಗುತ್ತವೆ. "ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ" ಎಂಬ ಮಾತು ನಂಬಿ ಆ 30 ದಿನ ಕಳೆದುಕೊಳ್ಳುವವರೇ ಜಾಸ್ತಿ.

ಕೈಗಡ, ಉದ್ರಿ, ಸಿವಿಲ್ ದಾವೆ

ರಾಜಿಗೆ ಬರುವುದಿಲ್ಲ, ಗ್ರಾಹಕರ ತಕರಾರೂ ಅಲ್ಲ, ಚೆಕ್ಕೂ ಇಲ್ಲ ಎಂದಾಗ ಉಳಿಯುವುದು ಸಿವಿಲ್ ದಾವೆ. ಸಾಮಾನ್ಯವಾಗಿ ಎದುರಿನವರು ಇರುವ ಊರಿನ, ಅಥವಾ ವ್ಯವಹಾರ ನಡೆದ ಊರಿನ ಕೋರ್ಟಿಗೆ ಹಾಕಬೇಕು. ಕೇಳುವ ಮೊತ್ತದ ಮೇಲೆ ಕೋರ್ಟ್ ಶುಲ್ಕ ಇರುತ್ತದೆ. ಬರಹದ ಕರಾರು, ಪ್ರಾಮಿಸರಿ ನೋಟು ಇದ್ದರೆ ವಕೀಲರಿಗೆ 'ಸಮ್ಮರಿ ದಾವೆ' ಹಾಕಲು ಬರುತ್ತದೆಯೇ ಎಂದು ಕೇಳಿ. ಅದರಲ್ಲಿ ಎದುರಿನವರು 10 ದಿನದಲ್ಲಿ ಹಾಜರಿ ಹಾಕಬೇಕು. ವಾದ ಮಾಡಲು ಕೋರ್ಟಿನ ಅನುಮತಿಯನ್ನೂ ಪಡೆಯಬೇಕು. ಹಾಗಾಗಿ ಬೇಗ ಮುಗಿಯುವ ಸಾಧ್ಯತೆ ಇದೆ.

ಗಡುವು ಮೂರು ವರ್ಷ. ಇಲ್ಲಿ ತುಂಬ ಜನ ಎಡವುತ್ತಾರೆ. ವಾಯಿದೆ ಹಾಕದೆ ಕೊಟ್ಟ ಕೈಗಡಕ್ಕೆ ಆ ಮೂರು ವರ್ಷ ನೀವು ವಾಪಸ್ ಕೇಳಿದ ದಿನದಿಂದ ಅಲ್ಲ, ಕೊಟ್ಟ ದಿನದಿಂದಲೇ ಶುರು. ಆದರೆ ಮೂರು ವರ್ಷ ಮುಗಿಯುವ ಮುಂಚೆ "ಇಷ್ಟು ಬಾಕಿ ಕೊಡಬೇಕಿದೆ" ಎಂದು ಅವರು ಬರೆದು ಸಹಿ ಹಾಕಿಕೊಟ್ಟರೆ, ಆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಬೀಗರಿಗೆ, ಗೆಳೆಯರಿಗೆ ಕೇಸು ಹಾಕಲು ಮನಸ್ಸು ಬರುವುದಿಲ್ಲ, ಅಲ್ವಾ? ಅಂಥ ಕಡೆ ಈ ಒಂದು ಚೀಟಿ ಸಂಬಂಧವನ್ನೂ ಉಳಿಸುತ್ತದೆ, ರೊಕ್ಕವನ್ನೂ ಉಳಿಸುತ್ತದೆ.

ವಕೀಲರ ಖರ್ಚಿನ ಚಿಂತೆ ಇದ್ದರೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆ ಆದಾಯದ ಪ್ರಶ್ನೆಯೇ ಇಲ್ಲ. ಉಳಿದವರಿಗೆ ಸರ್ಕಾರ ಆದಾಯದ ಮಿತಿ ಇಟ್ಟಿದೆ. ಸಹಾಯವಾಣಿ 15100.

ಏನು ಸಾಕ್ಷಿಯಾಗುತ್ತದೆ?

ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ಕೋರ್ಟು ನೋಡುತ್ತದೆ. ಆದರೆ ಆ ಬರಹ ಒಂದರಿಂದಲೇ ಯಾರ ಮೇಲೂ ಸಾಲ ಹೊರಿಸಲು ಆಗುವುದಿಲ್ಲ. ಜೊತೆಗೆ ಇನ್ನೇನಾದರೂ ಬೇಕು. ಗಿರಾಕಿಯ ಸಹಿ, ಬಾಕಿ ಒಪ್ಪಿದ ಮೆಸೇಜು, ಮಾಲು ಒಯ್ಯುವಾಗ ಇದ್ದವರ ಮಾತು, ಇಂಥದ್ದು. ತಿಂಗಳಿಗೊಮ್ಮೆ ಲೆಕ್ಕದ ಕೆಳಗೆ ಗಿರಾಕಿಯ ಸಹಿ ಹಾಕಿಸಿಕೊಳ್ಳುವ ರೂಢಿ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ವಾಟ್ಸಾಪ್ ಮಾತುಕತೆ, ಫೋನ್‌ಪೇ ವಿವರ, ರೆಕಾರ್ಡಿಂಗ್ ಕೂಡ ಸಾಕ್ಷಿಯಾಗುತ್ತವೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಅವುಗಳ ಪ್ರಿಂಟಿನ ಜೊತೆ, ಅದನ್ನು ಯಾವ ಫೋನಿನಿಂದ, ಹೇಗೆ ತೆಗೆದದ್ದು ಎಂದು ತಿಳಿಸುವ ಒಂದು ಪ್ರಮಾಣಪತ್ರ ಕೊಡಬೇಕು. ಬರೀ ಸ್ಕ್ರೀನ್‌ಶಾಟ್ ಸಾಲದು. ಹಾಗಾಗಿ ಆ ಫೋನನ್ನು ಮಾರಬೇಡಿ, ಮೆಸೇಜು ಅಳಿಸಬೇಡಿ. ಯಾವ ಬಾಗಿಲಿಗೆ ಹೋಗುವುದಿದ್ದರೂ ಮೊದಲು ಎದುರಿನವರಿಗೆ ಅಂಚೆಯಲ್ಲಿ ಒಂದು ಪತ್ರ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಗ್ರಾಹಕರ ದೂರಿಗೂ, ದಾವೆಗೂ ಅದು ಉಪಯೋಗಕ್ಕೆ ಬರುತ್ತದೆ.

ಗೆದ್ದ ಮೇಲೆ ರೊಕ್ಕ ಕೈಗೆ ಬರುವುದು ಹೇಗೆ?

ಡಿಕ್ರಿ ಎಂದರೆ ರೊಕ್ಕ ಅಲ್ಲ, ರೊಕ್ಕ ಪಡೆಯುವ ಹಕ್ಕು. ಎದುರಿನವರು ತಾವಾಗಿ ಕೊಡದಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಎಂದು ಕೋರ್ಟಿಗೆ ಕೇಳುವ ಅರ್ಜಿ, ಹಾಕಬೇಕು. ಅದಕ್ಕೆ 12 ವರ್ಷ ಸಮಯ ಇದೆ. ಕೋರ್ಟು ಬ್ಯಾಂಕ್ ಖಾತೆ, ವಾಹನ, ಸಂಬಳದ ಒಂದು ಭಾಗ ಇವನ್ನು ಜಪ್ತಿ ಮಾಡಿಸಬಹುದು. ಲೋಕ ಅದಾಲತ್‌ನ ಆದೇಶಕ್ಕೂ ಇದೇ ದಾರಿ. ಗ್ರಾಹಕರ ಆಯೋಗದ ಆದೇಶ ಪಾಲಿಸದಿದ್ದರೆ ಇನ್ನೂ ಬಿಗಿ. ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿಗೆ ಕಡಿಮೆ ಇಲ್ಲದಂತೆ 1 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ಸಾಲ ಕೊಡಬೇಕಾದವರಿಗೂ ಕಾನೂನು ಒಂದು ಗೆರೆ ಹಾಕಿದೆ. ರೈತನ ಬದುಕಿಗೆ ಬೇಕಾದ ಎತ್ತು, ಒಕ್ಕಲುತನದ ಸಾಮಾನು, ಬಿತ್ತನೆ ಬೀಜ ಇವನ್ನು ಹಣದ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ. ಬಡಿಗ, ಕಮ್ಮಾರ, ದರ್ಜಿಯ ಕೈಕಸುಬಿನ ಸಾಮಾನನ್ನೂ ಮುಟ್ಟುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಇದನ್ನು ಹೇಳುತ್ತದೆ. "ಎತ್ತು ಹೊಡ್ಕೊಂಡು ಹೋಗ್ತೀವಿ" ಎಂದು ಯಾರಾದರೂ ಹೆದರಿಸಿದರೆ ಇದು ನೆನಪಿರಲಿ.

ಕಾಕಾ ಲೋಕ ಅದಾಲತ್‌ಗೆ ಹೋದರು. ನಾನೂ ಜೊತೆಗಿದ್ದೆ. ಬ್ಯಾಂಕಿನವರು ಬಡ್ಡಿಯಲ್ಲಿ ಒಂದಷ್ಟು ಬಿಟ್ಟರು. ಉಳಿದದ್ದು ಮೂರು ಕಂತು, ಮೊದಲನೆಯದು ತೊಗರಿ ಮಾರಿದ ಮೇಲೆ. ಸಹಿ ಆದ ಮೇಲೆ ಆದೇಶದ ಪ್ರತಿ ಕೇಳಿ ಪಡೆದೆವು. ಅದನ್ನು ಎರಡೂ ಕಡೆಯವರಿಗೆ ಉಚಿತವಾಗಿ ಕೊಡಬೇಕು. ಈಗ ಅದು ಕಾಕಾನ ಟ್ರಂಕಿನಲ್ಲಿ ಪಹಣಿಯ ಜೊತೆ ಇದೆ. ಕೊನೆಯ ಕಂತು ಕಟ್ಟಿದ ದಿನವೇ ಬ್ಯಾಂಕಿನಿಂದ 'ಬಾಕಿ ಇಲ್ಲ' ಎಂಬ ಪತ್ರ ಬರೆಸಿಕೊಳ್ಳಬೇಕು ಎಂದು ಅವರಿಗೆ ಹೇಳಿದ್ದೇನೆ.